ನಮ್ಮ ಅರ್ಜಿ ಬರೆಯದ ಮೇಷ್ಟ್ರು

ಮೇಷ್ಟ್ರ ಬಿಳಿ ಅಂಗಿಯ ಜೇಬು ಮಾತ್ರ ಸದಾ ಹಳದಿ. ಇಸ್ತ್ರಿ ಮಾಡಿದ ತೋಳು, ಮಡಿಕೆ ಕೆಡದ ಕಾಲರ್, ಆದರೆ ಎದೆಯ ಎಡಗಡೆ ಅರಿಶಿನದ ಕಲೆ, ಅದರ ಸುತ್ತ ಧನಿಯಾ ಪುಡಿ, ಮೆಣಸಿನಕಾಯಿ ತೊಟ್ಟಿನ ಚೂರು. ಪೆನ್ನು ಇರಬೇಕಾದ ಜಾಗದಲ್ಲಿ ಅವರು ನಾಲ್ಕು ಕಾಳು ತೊಗರಿಬೇಳೆ, ಎರಡು ಮೆಣಸು, ಒಂದು ಅರಿಶಿನದ ಕೊಂಬು ಇಟ್ಟುಕೊಂಡು ಓಡಾಡುತ್ತಿದ್ದರು. ಒಂದು ಅಂಗಡಿಯದನ್ನು ಇನ್ನೊಂದು ಅಂಗಡಿಯದರ ಪಕ್ಕ ಇಟ್ಟು, ಮೂಸಿ, ಹಲ್ಲಿನಲ್ಲಿ ಕಡಿದು ನೋಡುವುದು ಅವರ ಸಂಜೆಯ ವ್ಯಾಯಾಮ. ನಿವೃತ್ತರಾದ ಬೇರೆ ಗಂಡಸರು ಕೆರೆಯ ಸುತ್ತ ನಡೆದರೆ ಇವರು ದರದ ಸುತ್ತ ನಡೆಯುತ್ತಿದ್ದರು. "ಆ ಜೇಬು ಉಜ್ಜಿ ಉಜ್ಜಿ ನನ್ನ ಕೈಯೇ ಹಳದಿಯಾಯ್ತು ಕಣಮ್ಮ" ಎಂದು ಅವರ ಹೆಂಡತಿ ನನ್ನ ಹತ್ತಿರ ಗೊಣಗುತ್ತಿದ್ದರು.

ನನ್ನದು ಕೊಡಿಗೇಹಳ್ಳಿಯ ಹಳೇ ಊರಿನ ಬೀದಿಯಲ್ಲಿ ಒಂದು ದಿನಸಿ ಅಂಗಡಿ. ಮಾವ ಮನೆಯ ಮುಂದಿನ ಕೋಣೆಗೆ ರಸ್ತೆಯ ಕಡೆ ಬಾಗಿಲು ಒಡೆಸಿ ಶುರು ಮಾಡಿದ್ದು. ಅವರು ತೀರಿಕೊಂಡಾಗ ಯಜಮಾನರು ಯಲಹಂಕದಲ್ಲಿ ಕೆಲಸದಲ್ಲಿದ್ದರು. ಅಂಗಡಿ ಮುಚ್ಚಿ ಬಾಡಿಗೆಗೆ ಕೊಟ್ಟುಬಿಡೋಣ ಎಂದರು. ನಾನು ಕನ್ನಡದಲ್ಲಿ ಎಂ.ಎ. ಮಾಡಿ, ಆರು ವರ್ಷದಿಂದ ಒಗ್ಗರಣೆ ಹಾಕುತ್ತಾ ಇದ್ದವಳು. "ನಾನು ಕೂತ್ಕೋತೀನಿ" ಎಂದೆ. ಮನೆಯವರೆಲ್ಲ ನಕ್ಕರು. ಆದರೂ ಕೂತೆ. ಗಲ್ಲಾಪೆಟ್ಟಿಗೆಯ ಹಿಂದಿನ ಆ ಮರದ ಸ್ಟೂಲು, ಇದು ನನ್ನದು ಎಂದು ನಾನು ಬಾಯಿಬಿಟ್ಟು ಹೇಳಿಕೊಂಡ ಮೊದಲ ಜಾಗ. ಮುಂದೆ ನಾನು ಮಾಡಿದ ಒಂದು ಕೆಟ್ಟ ಕೆಲಸಕ್ಕೆ ಆ ಸ್ಟೂಲಿನ ಮೋಹವೇ ಕಾರಣ, ಅದಕ್ಕೇ ಮೊದಲೇ ಹೇಳಿದೆ.

ಮೇಷ್ಟ್ರ ಮನೆ ನಮ್ಮಿಂದ ನಾಲ್ಕನೆಯದು. ಗಂಗಾನಗರದ ಕಡೆಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿ, ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ವರ್ಷವೇ ನಿವೃತ್ತರಾದವರು. ಸಂಜೆ ಐದಕ್ಕೆ ಸರಿಯಾಗಿ ಬರುತ್ತಿದ್ದರು. ನನ್ನನ್ನು "ಏನ್ರೀ ಅಂಗಡಿ ಅಮ್ಮಾವ್ರೇ" ಎಂದು ಕರೆಯುವುದು, ತೂಕದ ಮುಳ್ಳನ್ನು ಕನ್ನಡಕ ಎತ್ತಿ ನೋಡುವುದು, ಅರ್ಧ ಕೆಜಿ ಬೇಳೆಗೆ ಅರ್ಧ ಗಂಟೆ ಪಾಠ ಮಾಡುವುದು. ಕಾಲೇಜಿನಲ್ಲಿ ಹುಡುಗರು ಕೇಳದೆ ಹೋಗಿದ್ದನ್ನೆಲ್ಲ ನನ್ನ ಗಿರಾಕಿಗಳಿಗೆ ಕೇಳಿಸಿಯೇ ಕಳಿಸಬೇಕೆಂದು ಹಟ ತೊಟ್ಟವರ ಹಾಗೆ ಮಾತಾಡುತ್ತಿದ್ದರು.

ಒಂದು ಸಲ ಹೊಸ ಅಪಾರ್ಟ್‌ಮೆಂಟಿನ ಹೆಂಗಸೊಬ್ಬರು ಬಂದು, "ಎಲ್ಲಾ ಫಾರಿನ್ ಮಾಲೇ ಆಗೋಯ್ತು ಕಣ್ರೀ. ನಾನಂತೂ ನಮ್ಮ ದೇಶದ್ದು ಬಿಟ್ಟು ಬೇರೆ ಮನೆಯೊಳಗೇ ಸೇರಿಸಲ್ಲ" ಎಂದರು. ಮೇಷ್ಟ್ರು ಅಕ್ಕಿ ಮೂಟೆಯ ಪಕ್ಕ ನಿಂತಿದ್ದರು. ಅವರ ಮುಖ ಅರಳಿದ್ದು ನೋಡಿಯೇ ನನಗೆ ಗೊತ್ತಾಯಿತು, ಈ ಹೆಂಗಸಿನ ಕಥೆ ಮುಗಿಯಿತು ಎಂದು.

"ನಿಮ್ಮನೇಲಿ ಸಾರಿಗೆ ಇಂಗು ಹಾಕ್ತೀರೇನಮ್ಮ?"

"ಹಾಕ್ದೆ ಇರ್ತೀವಾ?"

"ಅದು ಕಾಬೂಲಿನ ಕಡೇದು. ಈ ಡಬ್ಬದಲ್ಲಿರೋ ಗಸಗಸೆ ಟರ್ಕಿದು. ಒಣ ಬಟಾಣಿ ಕೆನಡಾದಿಂದ ಹಡಗಲ್ಲಿ ಬಂದಿದ್ದು. ತೊಗರಿ ಗುಲ್ಬರ್ಗದ್ದು, ಅದು ಸಾಲ್ದೇ ಇದ್ರೆ ಬರ್ಮಾದ್ದು, ಆಫ್ರಿಕಾದ್ದು. ಇನ್ನು ಮೆಣಸಿನಕಾಯೀನ ಪರಂಗಿಯೋರು ಹಡಗಲ್ಲಿ ತರೋ ತನಕ ನಮ್ಮ ಹಿರೀಕರು ಕಣ್ಣಲ್ಲೂ ಕಂಡಿರ್ಲಿಲ್ಲ."

ಆಯಮ್ಮ ಸುತ್ತ ಕಣ್ಣಾಡಿಸಿ, "ಉಪ್ಪು ನಮ್ಮದೇ ತಾನೇ?" ಎಂದರು.

"ನಮ್ಮದೇ. ಧೈರ್ಯವಾಗಿ ತಗೊಂಡು ಹೋಗಿ."

ಅವರು ಹೋದ ಮೇಲೆ ನಾನು ಸಿಟ್ಟು ಮಾಡಿದೆ. ಸಾವಿರ ರೂಪಾಯಿಯ ಸಾಮಾನು ತಗೊಳ್ಳುವವರನ್ನು ಬರೀ ಉಪ್ಪಿನ ಪ್ಯಾಕೆಟ್ಟು ಕೊಟ್ಟು ಕಳಿಸಿಬಿಟ್ಟಿರಲ್ಲ ಮೇಷ್ಟ್ರೇ ಎಂದೆ. ಅವರು ಇಂಗಿನ ಡಬ್ಬಿ ಎತ್ತಿಕೊಂಡು ಮೂಸಿದರು. "ಈ ಇಂಗು ತೆಗೆದೋನಿಗೆ ನಿಮ್ಮ ಸಾರು ಗೊತ್ತಿಲ್ಲ, ನಿಮಗೆ ಅವನ ಮುಖ ಗೊತ್ತಿಲ್ಲ. ಅವನು ತನ್ನ ಮಕ್ಕಳ ಹೊಟ್ಟೆಗೆ ಅಂತ ದುಡೀತಾನೆ. ನಿಮ್ಮ ಗಿರಾಕಿ ನಾಲಿಗೆಗೆ ರುಚಿ ಸಿಗುತ್ತೆ. ಯಾರೂ ಯಾರನ್ನೂ ಉದ್ಧಾರ ಮಾಡೋಕೆ ಹೊರಟಿಲ್ಲ, ಆದ್ರೂ ಇಬ್ಬರಿಗೂ ಒಳ್ಳೇದಾಯ್ತು ನೋಡಿ. ನಮ್ಮ ಹಳಬರು ಇದನ್ನ ರೈಲು ಹುಟ್ಟೋಕೆ ಮುಂಚೇನೇ ಬರೆದಿಟ್ಟಿದ್ದಾರೆ" ಎಂದರು.

ಈ 'ನಮ್ಮ ಹಳಬರು' ಎಂದರೆ ಅವರ ಅಜ್ಜ ಮುತ್ತಜ್ಜಂದಿರಲ್ಲ. ಇನ್ನೂರು ಮುನ್ನೂರು ವರ್ಷದ ಹಿಂದೆ, ಸರಕು ಗಡಿ ದಾಟಲಿ, ಸುಂಕದ ಕಟ್ಟೆಗಳು ಕಡಿಮೆಯಾಗಲಿ, ಯಾರಿಗೆ ಯಾವ ಕೆಲಸ ಪಳಗಿದೆಯೋ ಅವರು ಅದನ್ನು ಮಾಡಿ ಉಳಿದದ್ದನ್ನು ಕೊಂಡುಕೊಳ್ಳಲಿ ಎಂದು ಬರೆದ ದೂರದ ಜನ. ಮೇಷ್ಟ್ರು ಅವರ ಬಗ್ಗೆ ಸ್ವಂತ ಸೋದರಮಾವಂದಿರ ಹಾಗೆ ಮಾತಾಡುತ್ತಿದ್ದರು. "ಅವರು ಬರೆದಿದ್ದು ಗಾಡಿ, ಹಡಗಿನ ಕಾಲಕ್ಕೆ. ಆದ್ರೆ ಈಗ ನಿಮ್ಮ ಅಂಗಡಿ ಮುಂದೆ ನಿಂತ್ಕೊಂಡು ಓದಿದ್ರೆ ನಿನ್ನೆ ಬರೆದ ಹಾಗಿದೆ" ಎನ್ನುವರು. ನನಗೆ ಅದೆಲ್ಲ ಕೇಳಲು ಇಂಪಾಗಿತ್ತು. ಅದು ನನ್ನ ಕಾಲಿನ ಬುಡಕ್ಕೆ ಬರುವ ತನಕ.

ಬಂತು. ಏರ್‌ಪೋರ್ಟ್ ರಸ್ತೆಗೆ ಹೋಗುವ ತಿರುವಿನಲ್ಲಿ ಮೂರಂತಸ್ತಿನ ಗಾಜಿನ ಕಟ್ಟಡ ಎದ್ದಿತು. ಅದರಲ್ಲಿ ದೊಡ್ಡ ಕಂಪನಿಯೊಂದರ ದಿನಸಿ ಮಳಿಗೆ ತೆರೆಯುತ್ತದೆ, ಎ.ಸಿ. ಇರುತ್ತದೆ, ತಳ್ಳುವ ಗಾಡಿ ಇರುತ್ತದೆ ಎಂದು ಸುದ್ದಿಯಾಯಿತು. ವಿದೇಶದ ಕಂಪನಿಗಳನ್ನು ಚಿಲ್ಲರೆ ವ್ಯಾಪಾರಕ್ಕೆ ಬಿಡಬೇಕೇ ಬೇಡವೇ ಎಂದು ಟಿ.ವಿ.ಯಲ್ಲಿ ದಿನಾ ಕಿತ್ತಾಡುತ್ತಿದ್ದ ಕಾಲ ಅದು. ನಮ್ಮ ಬೀದಿಯ ವರ್ತಕರ ಸಂಘದ ಹನ್ನೊಂದು ಜನ ಒಂದು ಭಾನುವಾರ ಮೇಷ್ಟ್ರ ಮನೆಗೆ ಹೋದೆವು. ಹನ್ನೊಂದರಲ್ಲಿ ಹೆಂಗಸು ನಾನೊಬ್ಬಳೇ. ಹಾರ್ಡ್‌ವೇರ್ ಅಂಗಡಿಯ ನಮ್ಮ ಅಧ್ಯಕ್ಷರು ಕೈ ಮುಗಿದು, "ಸಾರ್, ನಿಮ್ಮಂಥವರು ಅರ್ಜಿ ಬರೆದ್ರೆ ತೂಕ ಇರುತ್ತೆ" ಎಂದರು.

"ಏನಂತ ಬರೀಬೇಕು?"

"ಅವರಿಗೆ ಇಲ್ಲಿ ಲೈಸೆನ್ಸ್ ಕೊಡ್ಬಾರ್ದು ಅಂತ. ನಮ್ಮ ಹೊಟ್ಟೆ ಮೇಲೆ ಹೊಡೀತಾರೆ ಸಾರ್."

ಅಡ್ಡಗೋಡೆಯ ಮೇಲೆ ದೀಪ ಇಡುವ ಜಾಯಮಾನ ಮೇಷ್ಟ್ರದಲ್ಲ. "ನಾನು ಬರೆಯಲ್ಲ" ಎಂದುಬಿಟ್ಟರು. "ಈ ಹಾಲಲ್ಲಿ ಮಾರೋರು ಹನ್ನೊಂದು ಜನ ಕೂತಿದ್ದೀರಿ. ಕೊಳ್ಳೋರು ಅಂದ್ರೆ ನಾನು, ನಮ್ಮ ಮನೆಯವರು. ನಮ್ಮನ್ನ ಯಾರೂ ಏನೂ ಕೇಳ್ಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ನನ್ನ ಅಂಗಡಿ ಮುಚ್ಚಿಹೋಗ್ಲಿ ಅಂತೀರಾ ಮೇಷ್ಟ್ರೇ?"

ಅವರು ಕಾಫಿ ಲೋಟ ಕೆಳಗಿಟ್ಟರು. "ಮುಚ್ಚಬಾರ್ದು ಅಂತ ನನಗೂ ಆಸೆ ಇದೆ ಕಣಮ್ಮ. ನನ್ನ ಆಸೇನ ಕಾನೂನು ಮಾಡಿ ಅಂತ ಸರ್ಕಾರಕ್ಕೆ ಬರೆಯೋಕಾಗಲ್ಲ" ಎಂದರು.

ಇಂಗು ತಿಂದ ಮಂಗನ ಹಾಗೆ ಹನ್ನೊಂದು ಜನವೂ ಹೊರಗೆ ಬಂದೆವು. ಗೇಟಿನ ಹತ್ತಿರ ನಾನು ಬೇಕೆಂದೇ ಗಟ್ಟಿಯಾಗಿ, "ತಿಂಗಳು ತಿಂಗಳು ಪಿಂಚಣಿ ಬರೋರಿಗೆ ಪೈಪೋಟಿ ಅಂದ್ರೆ ಬಲು ಪ್ರೀತಿ" ಎಂದೆ. ಒಳಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

ಮಳಿಗೆ ತೆರೆಯಿತು. ಬಾಗಿಲಿಗೆ ಬಲೂನು ಕಟ್ಟಿದರು, ಬಂದವರಿಗೆಲ್ಲ ಸಕ್ಕರೆ ಪುಕ್ಕಟೆ ಕೊಟ್ಟರು. ನನ್ನ ತಿಂಗಳ ಪಟ್ಟಿಯ ಗಿರಾಕಿಗಳು ಒಬ್ಬೊಬ್ಬರೇ ಕಡಿಮೆಯಾದರು. ಕೆಲವರು ಮುಖ ತಪ್ಪಿಸಿಕೊಂಡು, ಆ ಕಡೆಯ ಓಣಿಯಿಂದ ಸುತ್ತಿ ಮನೆಗೆ ಹೋಗುತ್ತಿದ್ದರು. ಮೇಷ್ಟ್ರು ಮಾತ್ರ ಆ ಮಳಿಗೆಯ ಚೀಲ ಹಿಡಿದುಕೊಂಡೇ ನೆಟ್ಟಗೆ ನನ್ನ ಅಂಗಡಿಗೆ ಬರುತ್ತಿದ್ದರು! ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಕೇಳಿದ್ದನ್ನು ತೂಗಿ, ಕಟ್ಟಿ, ದುಡ್ಡು ಎಣಿಸಿಕೊಂಡು, ಮುಖ ಆ ಕಡೆ ತಿರುಗಿಸುತ್ತಿದ್ದೆ. ಅವರು ಗೋಡೆಗೆ ಹೇಳುವವರ ಹಾಗೆ ಹೇಳುತ್ತಿದ್ದರು: "ಅಲ್ಲಿ ಕಡಲೆಬೇಳೇಲಿ ನುಸಿ ಇದೆ. ಆದ್ರೆ ಸಕ್ಕರೆ ಇಲ್ಲಿಗಿಂತ ಬಿಳುಪು." ಇನ್ನೊಂದು ದಿನ, "ಐವತ್ತು ಗ್ರಾಂ ಸಾಸಿವೆ ಕೇಳಿದ್ರೆ ಕೊಡಲ್ವಂತೆ. ಪ್ಯಾಕೆಟ್ಟೇ ತಗೋಬೇಕಂತೆ."

ಕೋಪ ಕಿವಿಯನ್ನು ಮುಚ್ಚಿಸುವುದಿಲ್ಲವಲ್ಲ. ಯಶವಂತಪುರದ ಸಗಟು ಯಾರ್ಡಿನಲ್ಲಿ ಸಕ್ಕರೆ ಕೊಡುವವರನ್ನು ಬದಲಾಯಿಸಿದೆ. ಬಾಡಿಗೆ ಕೋಣೆಗಳಲ್ಲಿ ಮೂರು ನಾಲ್ಕು ಜನ ಸೇರಿ ಅಡುಗೆ ಮಾಡಿಕೊಳ್ಳುವ ಹುಡುಗಿಯರು ಬೀದಿ ತುಂಬ ಇದ್ದರು. ಅವರಿಗೆ ಕೆಜಿಗಟ್ಟಲೆ ಏಕೆ ಬೇಕು? ನಾಲ್ಕು ಜನದ ಹುಳಿಗೆ ಬೇಕಾದ ಧನಿಯಾ, ಕಡಲೆಬೇಳೆ, ಮೆಂತ್ಯ, ಒಣಮೆಣಸಿನಕಾಯಿ, ಚಿಟಿಕೆ ಇಂಗು ಎಲ್ಲ ಒಂದೇ ಪೊಟ್ಟಣದಲ್ಲಿ ಕಟ್ಟಿ, ಹುರಿಯುವ ಕ್ರಮವನ್ನು ಮೇಲೆ ಎರಡು ಸಾಲು ಬರೆದುಕೊಟ್ಟೆ. ಎಂ.ಎ. ಅಷ್ಟಕ್ಕಾದರೂ ಬಂತು. ಪೊಟ್ಟಣ ಓಡಿತು. ಹೋದವರೆಲ್ಲ ವಾಪಸ್ ಬಂದರು ಎಂದು ಸುಳ್ಳು ಹೇಳಲಾರೆ; ಅಂಗಡಿ ಉಸಿರಾಡುವಷ್ಟು ಆಯಿತು. ಮೇಷ್ಟ್ರಿಗೆ ಮಾತ್ರ ನಾನು ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಇನ್ನು ನನ್ನ ಆ ಕೆಟ್ಟ ಕೆಲಸ.

ಗಾಜಿನ ಮಳಿಗೆಯ ಮುಂದಿನ ಫುಟ್‌ಪಾತಿನಲ್ಲಿ, ಅದು ಕಟ್ಟುವುದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಒಬ್ಬ ಸೊಪ್ಪಿನಮ್ಮ ಕೂರುತ್ತಿದ್ದಳು. ಯಲಹಂಕದ ಆಚೆಯ ಹಳ್ಳಿಯಿಂದ ಮೊದಲನೇ ಬಸ್ಸಿಗೆ ದಂಟು, ಸಬ್ಬಸಿಗೆ, ಕೀರೆಯ ಕಟ್ಟು ಹೊತ್ತು ತರುವಳು. ಮಳಿಗೆಯೊಳಗಿನ ಸೊಪ್ಪು ಪ್ಲಾಸ್ಟಿಕ್ಕಿನಲ್ಲಿ ಬೆವರುತ್ತಿದ್ದರೆ ಇವಳ ಸೊಪ್ಪಿನ ಬೇರಿನಲ್ಲಿ ಇನ್ನೂ ಹಸಿಮಣ್ಣು ಇರುತ್ತಿತ್ತು. ಎ.ಸಿ.ಯಿಂದ ಹೊರಗೆ ಬಂದವರು ಸೊಪ್ಪನ್ನು ಇವಳ ಹತ್ತಿರವೇ ಕೊಳ್ಳುತ್ತಿದ್ದರು. ಮಳಿಗೆಯ ಮ್ಯಾನೇಜರ್ ನಮ್ಮ ಸಂಘಕ್ಕೆ ಬಂದ, ಬೇಕರಿಯಿಂದ ಎಲ್ಲರಿಗೂ ಪಫ್ಸು, ಟೀ ತರಿಸಿದ. "ನೀವೂ ಅಂಗಡಿಯೋರು, ನಾವೂ ಅಂಗಡಿಯೋರು ಸಾರ್. ಬಾಡಿಗೆ ಕಟ್ಟಿ, ಟ್ಯಾಕ್ಸ್ ಕಟ್ಟಿ ಕೂತಿದ್ದೀವಿ. ಫುಟ್‌ಪಾತಿನೋರು ಏನ್ ಕಟ್ತಾರೆ? ಸೇರಿ ಒಂದು ಅರ್ಜಿ ಕೊಡೋಣ" ಎಂದ. ವರ್ಷದ ಹಿಂದೆ ಅವನನ್ನು ಓಡಿಸಲು ಹೊರಟಿದ್ದ ನಾವೆಲ್ಲ ತಲೆಯಾಡಿಸಿದೆವು. ನನ್ನ ಅಂಗಡಿಯ ಮೂಲೆಯಲ್ಲೂ ಎರಡು ಕ್ರೇಟ್ ಸೊಪ್ಪು ಇತ್ತು, ಅವಳಿಂದಾಗಿ ಅದು ದಿನಾ ಬಾಡುತ್ತಿತ್ತು.

ಸಹಿ ಹಾಕಿದ್ದಷ್ಟೇ ಆಗಿದ್ದರೆ ಹನ್ನೊಂದರಲ್ಲಿ ಒಂದು ಎನ್ನಬಹುದಿತ್ತು. ಆ ಅರ್ಜಿಯ ಕನ್ನಡ ಹದಗೆಟ್ಟಿತ್ತು. ನನಗೆ ತಡೆಯಲಾಗದೆ, ಕೊಡಿ ಇಲ್ಲಿ ಎಂದು ಕಿತ್ತುಕೊಂಡು ಪೂರ್ತಿ ಹೊಸದಾಗಿ ಬರೆದೆ. 'ಪಾದಚಾರಿಗಳ ಸುಗಮ ಸಂಚಾರಕ್ಕೆ ತೀವ್ರ ಅಡಚಣೆ', 'ಸಾರ್ವಜನಿಕ ನೈರ್ಮಲ್ಯದ ದೃಷ್ಟಿಯಿಂದ'. ಅಧ್ಯಕ್ಷರು ಓದಿ, "ಭಲೇ!" ಎಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕ್ಷಣ ನಾನು ಉಬ್ಬಿದೆ.

ವಾರದೊಳಗೆ ಪಾಲಿಕೆಯ ಲಾರಿ ಬಂತು. ಬುಟ್ಟಿ, ಟಾರ್ಪಾಲು, ನೀರು ಚಿಮುಕಿಸುವ ಚೊಂಬು ಎಲ್ಲ ಎತ್ತಿಕೊಂಡು ಹೋದರಂತೆ. ಮರುದಿನದಿಂದ ಸೊಪ್ಪಿನಮ್ಮ ಕಾಣಲಿಲ್ಲ.

ಮರುದಿನ ಸಂಜೆ ಮೇಷ್ಟ್ರು ಬಂದಾಗ ಕೈಯಲ್ಲಿ ಚೀಲ ಇರಲಿಲ್ಲ, ಒಂದು ಹಾಳೆ ಇತ್ತು. ಎಲ್ಲಿಂದ ತಂದರೋ, ಅರ್ಜಿಯ ಜೆರಾಕ್ಸ್. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಕನ್ನಡಕ ಹಾಕಿಕೊಂಡು, ಕ್ಲಾಸಿನಲ್ಲಿ ಹಾಜರಿ ಕೂಗುವವರ ಹಾಗೆ ಕೆಳಗಿನ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದರು. ಹಾರ್ಡ್‌ವೇರಿನವರು. ಬೇಕರಿಯವರು. ಮೊಬೈಲ್ ಅಂಗಡಿಯವರು. ಒಂದೊಂದು ಹೆಸರಿಗೂ ತಲೆಯೆತ್ತಿ ಮೂಲೆ ಮೂಲೆ ನೋಡಿ, ಉತ್ತರ ಬರದಿದ್ದಕ್ಕೆ ಮುಂದಕ್ಕೆ ಹೋಗುವರು. ನನ್ನ ಹೆಸರು ಬಂತು. ಓದಿ ನಿಂತರು. ಹಾಳೆ ಕೆಳಗಿಳಿಸಿ ನನ್ನನ್ನೇ ನೋಡಿದರು. ನಾನು ತಕ್ಕಡಿಯ ತಟ್ಟೆಯನ್ನು ಒರೆಸಿದ್ದೇ ಒರೆಸಿದ್ದು.

"ಭಾಷೆ ಚೆನ್ನಾಗಿದೆ ಕಣಮ್ಮ. ಒಂದು ಒತ್ತಕ್ಷರಾನೂ ತಪ್ಪಿಲ್ಲ" ಎಂದರು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಮೇಷ್ಟ್ರೇ, ನೀವೇ ಅಲ್ವಾ ಪೈಪೋಟಿ ಒಳ್ಳೇದು ಅಂದಿದ್ದು" ಎಂದು ತೊದಲಿದೆ.

"ಇದು ಪೈಪೋಟೀನಾ? ಪೈಪೋಟಿ ಆಗಿದ್ರೆ ಆಯಮ್ಮನಿಗಿಂತ ಒಳ್ಳೇ ಸೊಪ್ಪು ತಂದು ಮಾರ್ತಿದ್ರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದೀರಿ ನೀವು." ಅವರು ಹಾಳೆಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. "ಆವತ್ತು ನೀವು ಹನ್ನೊಂದು ಜನ ನಮ್ಮನೆಗೆ ಬಂದ್ರಿ, ಕಾಫಿ ಕುಡಿದು, ಕಷ್ಟ ಹೇಳ್ಕೊಂಡ್ರಿ. ಆಯಮ್ಮ ಯಾರ ಮನೆಗೆ ಹೋಗ್ಬೇಕು? ನಮ್ಮ ಹಳಬರು ಎರಡು ಮಾತು ಹೇಳಿದ್ರು. ಬಾಗಿಲು ತೆಗೀರಿ, ಅಂತ ಒಂದು. ಮಾರೋರು ಮಾರೋರು ಒಂದಾದ್ರೆ ಮಾತ್ರ ಎಚ್ಚರ, ಬಡವನ ಮುಖಕ್ಕೇ ಬಾಗಿಲು ಹಾಕ್ತಾರೆ, ಅಂತ ಇನ್ನೊಂದು. ಪ್ರಪಂಚ ಮೊದಲನೇದನ್ನ ಬ್ಯಾನರ್ ಬರೆಸಿ ಕಟ್ಟಿಕೊಳ್ತು, ಎರಡನೇದನ್ನ ಮಡಚಿ ಇಟ್ಟುಬಿಡ್ತು. ದೇಶ ದೇಶದ ದೊಡ್ಡ ಕಂಪನಿಗಳು ಮಾಡೋದೂ ಅದೇ, ನಮ್ಮ ಕೊಡಿಗೇಹಳ್ಳಿ ಸಂಘ ಮಾಡಿದ್ದೂ ಅದೇ."

ಏನೂ ಕೊಳ್ಳದೆ ಹೋದರು. ಎಷ್ಟೋ ವರ್ಷದಲ್ಲಿ ಅದು ಮೊದಲು. ಮರುದಿನವೇ ಅವರು, ಸೊಪ್ಪಿನಮ್ಮನಿಗೆ ಜಾಗ ವಾಪಸ್ ಕೊಡಿ ಎಂದು ತಮ್ಮ ಕೈಯಾರೆ ಒಂದು ಅರ್ಜಿ ಬರೆದು ವಾರ್ಡ್ ಆಫೀಸಿಗೆ ಹೋದರು ಎಂದು ಅವರ ಹೆಂಡತಿ ಹೇಳಿದರು. ಆಮೇಲೆ ಪ್ರತಿ ಸೋಮವಾರ ಹೋಗತೊಡಗಿದರು. ಆ ಅರ್ಜಿಗೆ ಕೊನೆಯವರೆಗೂ ಉತ್ತರ ಬರಲಿಲ್ಲ.

ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ನಾಚಿಕೆ ಎಂದರೆ ಏನೆಂದು ಆ ಎರಡು ದಿನದಲ್ಲಿ ಗೊತ್ತಾಯಿತು. ಮೂರನೆಯ ದಿನ ಬಸ್ಸು ಹತ್ತಿ ಯಲಹಂಕಕ್ಕೆ ಹೋಗಿ, ಸಂತೆ ಬೀದಿ, ಸ್ಟೇಷನ್ನು ಎಲ್ಲ ಸುತ್ತಿ, ಕೊನೆಗೆ ಹಳೇ ಬಸ್ ಸ್ಟಾಂಡಿನ ಹತ್ತಿರ ಅವಳನ್ನು ಹಿಡಿದೆ. ಯಾರದೋ ಬುಟ್ಟಿ ಕೇಳಿ ತಂದುಕೊಂಡು ಕೂತಿದ್ದಳು.

"ನಮ್ಮ ಅಂಗಡಿ ಜಗಲಿ ಮೇಲೆ ಕೂತ್ಕೋ ಬಾ. ಅಲ್ಲಿಂದ ಯಾರೂ ಎಬ್ಬಿಸಲ್ಲ" ಎಂದೆ.

ಅವಳು ಅನುಮಾನದಿಂದ ನೋಡಿದಳು. "ಬಾಡ್ಗೆ ಏಟು?"

"ಬಾಡಿಗೆ ಬೇಡ."

"ಬಾಡ್ಗೆ ಬ್ಯಾಡ ಅನ್ನಾಕೆ ಈಟು ದೂರ ಬಂದ್ಯಾ? ಯಾಕಕ್ಕ?"

ಹೇಳದೆ ಇರಬಹುದಿತ್ತು. ಹೇಳಿದೆ. "ನಿನ್ನನ್ನ ಎಬ್ಬಿಸಿ ಅಂತ ಅರ್ಜಿ ಬರೆದಿದ್ದು ನಾನೇ."

ಅವಳು ಕೀರೆ ಕಟ್ಟುಗಳ ಮೇಲೆ ನೀರು ಚಿಮುಕಿಸಿದಳು, ಗೋಣಿಯ ಬಾಯಿ ಬಿಗಿದಳು. ಆಮೇಲೆ, "ಓದ್ದೋರು ಬರುದ್ರೆ ಇಂಗೇ ಆಗಾದು" ಎಂದಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ದೊಡ್ಡ ಮೂಟೆಯನ್ನು ನನ್ನ ಕಡೆಗೆ ತಳ್ಳಿ, "ಅಂಗೇ ನಿಂತ್ಕಂಡ್ರೆ ಆದದಾ? ಇಡ್ಕೊ ಇದ್ನ, ಬಸ್ಸು ಬತ್ತು" ಎಂದಳು.

ಅಂದಿನಿಂದ ನನ್ನ ಅಂಗಡಿಯಲ್ಲಿ ಸೊಪ್ಪು ನಿಂತುಹೋಯಿತು. ಜಗಲಿಯಲ್ಲಿ ಸೊಪ್ಪು ಕೊಂಡವರು ಒಳಗೆ ಬಂದು ಬೇಳೆ ಕೊಂಡರು, ಮಸ್ಸೊಪ್ಪಿಗೆ ಎರಡೂ ಬೇಕಲ್ಲ. ಸಂಘದವರು ತಿಂಗಳುಗಟ್ಟಲೆ ನನ್ನನ್ನು ಸಭೆಗೆ ಕರೆಯಲಿಲ್ಲ. ಮೇಷ್ಟ್ರು ಮಾತ್ರ ಅವಳು ಜಗಲಿಗೆ ಬಂದ ಸಂಜೆಯೇ ಐದಕ್ಕೆ ಬಂದರು. ನನ್ನನ್ನು ಹೊಗಳುತ್ತಾರೇನೋ ಎಂದು ಕಾದೆ. ಅವರು ಜಗಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಏನ್ರಮ್ಮ ನೀವು, ದಂಟಿಗೆ ಒಂದು ರೂಪಾಯಿ ಜಾಸ್ತಿ ಮಾಡಿದ್ದೀರಿ?" ಎಂದು ಜಗಳಕ್ಕೆ ಶುರುವಿಟ್ಟರು. ಬೀದಿಯಲ್ಲಿ ಅವಳನ್ನು ನೀವು ಎನ್ನುತ್ತಿದ್ದವರು ಅವರೊಬ್ಬರೇ.

ಕೆಲವು ವರ್ಷದ ಮೇಲೆ, ಹೆಬ್ಬಾಳದ ಆಸ್ಪತ್ರೆಯಲ್ಲಿ ಎದೆಯ ಆಪರೇಷನ್ ಆಗಿ ಬಂದ ಹೊಸತರಲ್ಲಿ, ಅವರನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಆ ವರ್ಷ ನನ್ನ ಅಂಗಡಿ ಮುಚ್ಚಿಯೇ ಹೋಗಿದ್ರೆ ಏನ್ ಹೇಳ್ತಿದ್ರಿ ಮೇಷ್ಟ್ರೇ?"

ಅವರು ಜೇಬಿನ ತೊಗರಿಬೇಳೆ ತೆಗೆದು ಅಂಗೈಯಲ್ಲಿ ಹರಡಿಕೊಂಡರು. "ಒಂದು ಅಂಗಡಿ ಮುಚ್ಚಿದ್ರೆ ಇನ್ನೊಂದು ತೆಗೆಯುತ್ತೆ ಅಂತ ಪುಸ್ತಕದಲ್ಲಿ ಒಂದೇ ಸಾಲಲ್ಲಿ ಬರೆದುಬಿಡ್ತಾರೆ. ಮೂವತ್ತು ವರ್ಷ ನಾನೂ ಹಾಗೇ ಬೋರ್ಡ್ ಮೇಲೆ ಬರೆದೆ. ಆ ಸಾಲಿನ ಮಧ್ಯದಲ್ಲಿ ಇರೋರು ಅಷ್ಟು ದಿನ ಎಲ್ಲಿರ್ತಾರೆ, ಏನ್ ತಿಂತಾರೆ, ನನಗೆ ಗೊತ್ತಿಲ್ಲಮ್ಮ." ಆಮೇಲೆ ಮೆಲ್ಲಗೆ, "ಆ ವರ್ಷ ನಾನು ದಿನಾ ಬರ್ತಿದ್ದಿದ್ದು ಬೇಳೆಗಲ್ಲ. ನೀವು ಬಾಗಿಲು ತೆಗೆದಿದ್ದೀರಾ ಅಂತ ನೋಡೋಕೆ" ಎಂದರು.

ನನಗೆ ಅಳು ಬಂತು. ಗೇಟಿನ ಹತ್ತಿರ ಆಡಿದ ಮಾತಿಗೆ ಆವತ್ತು ಕ್ಷಮೆ ಕೇಳಿದೆ. "ಯಾವ ಮಾತು?" ಎಂದರು. ನೆನಪಿಲ್ಲದ ಹಾಗೆ ನಟಿಸುವುದು ಅವರಿಗೆ ಬರುತ್ತಿರಲಿಲ್ಲ.

ಮನೆಬಾಗಿಲಿಗೆ ಸಾಮಾನು ತಂದುಕೊಡುವ ಫೋನಿನ ಅಂಗಡಿಗಳು ಬಂದು ಗಾಜಿನ ಮಳಿಗೆಯವರೇ ನೊಣ ಹೊಡೆಯತೊಡಗಿದ್ದ ಕಾಲದಲ್ಲಿ ಮೇಷ್ಟ್ರು ಹೋದರು. ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಿದವರು ಹಾಗೆಯೇ ಒರಗಿದರಂತೆ. ಅಧ್ಯಕ್ಷರು ತಕ್ಷಣ ಸಭೆ ಕರೆದು, ಗೌರವಾರ್ಥ ಇಡೀ ದಿನ ಬೀದಿಯ ಎಲ್ಲ ಅಂಗಡಿ ಬಂದ್ ಎಂದು ತೀರ್ಮಾನ ಮಾಡಿದರು. ಮನಸ್ಸಿಟ್ಟೇ ಮಾಡಿದ್ದು, ಅದರಲ್ಲಿ ಕಪಟವಿರಲಿಲ್ಲ. ನಾನೂ ಶಟರ್ ಎಳೆದು ಅವರ ಮನೆಗೆ ಹೋದೆ. ಸೊಪ್ಪಿನಮ್ಮ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸೀದಾ ಹೋಗಿ ಜಗಲಿಯ ಮೇಲೆ ಬುಟ್ಟಿ ಬಿಚ್ಚಿದಳು.

"ಇವತ್ತೊಂದಿನ ಬೇಡಮ್ಮ, ಮೇಷ್ಟ್ರಿಗೆ ಮರ್ಯಾದೆ" ಎಂದು ಅಧ್ಯಕ್ಷರು ಹೇಳಿದರು.

"ಸೊಪ್ಪು ಬಾಡ್ತದೆ ಸಾಮಿ. ಆವಯ್ಯ ಇದ್ದಿದ್ರೆ ಬಂದ್ ಮಾಡ್ಸಿದ್ದುಕ್ಕೆ ನಿಮ್ಗೇ ಉಗಿಯೋರು" ಎಂದಳು ಅವಳು.

ಎರಡು ಗಂಟೆಗೆ ಗಂಡಸರು ಮೇಷ್ಟ್ರನ್ನು ಸ್ಮಶಾನಕ್ಕೆ ತೆಗೆದುಕೊಂಡು ಹೋದರು. ನಾನು ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಅಂಗಡಿಗೆ ಬಂದು ಶಟರ್ ಎತ್ತಿದೆ. ಬೀದಿಯುದ್ದಕ್ಕೂ ಬೇರೆ ಒಂದು ಬಾಗಿಲೂ ತೆರೆದಿರಲಿಲ್ಲ. ಎದುರಿನ ಬೇಕರಿಯವರು ಮಹಡಿಯಿಂದ ಬಗ್ಗಿ ನೋಡಿ, "ಇದೇನಕ್ಕಾ ಇವತ್ತು!" ಎಂದರು. ನಾನು ತಕ್ಕಡಿ ಒರೆಸಿ ಸ್ಟೂಲಿನ ಮೇಲೆ ಕೂತೆ. ನನಗೆ ಗೊತ್ತಿದ್ದ ಮರ್ಯಾದೆ ಇದೊಂದೇ.

ಕಟ್ಟಡದ ಕೆಲಸದ ಹೆಂಗಸೊಬ್ಬಳು ಸಿಮೆಂಟಿನ ಕೈಯಲ್ಲೇ ಓಡಿಬಂದಳು. ನಾನು ಕಂಡವಳಲ್ಲ. ಮಾತಿನಲ್ಲಿ ರಾಯಚೂರಿನ ಕಡೆಯವಳು. "ಎಲ್ಲಾ ಬಂದ್ ಐತ್ರೀ ಅಕ್ಕಾರ, ಒಂದ್ ಕೆಜಿ ಅಕ್ಕಿ ಕೊಡ್ರೀ" ಎಂದಳು. ತೂಗುವಾಗ ನನ್ನ ಕಣ್ಣೀರು ನಿಲ್ಲಲಿಲ್ಲ. ಅವಳು ಗಾಬರಿಯಾಗಿ, "ಯಾಕ್ರೀ ಅಕ್ಕಾರ, ಏನಾತು?" ಎಂದಳು.

"ನಮ್ಮ ಮೇಷ್ಟ್ರು ಹೋಗ್ಬಿಟ್ರು."

ಅವಳಿಗೆ ಯಾವ ಮೇಷ್ಟ್ರು ಎಂದು ಗೊತ್ತಿಲ್ಲ. "ಅಯ್ಯ ಪಾಪ" ಎಂದಳು. ಅಕ್ಕಿಯ ಚೀಲವನ್ನು ಕಂಕುಳಿಗೆ ಏರಿಸಿಕೊಂಡು, ಆಮೇಲೆ ಸಂಕೋಚದಿಂದ, ಕಾಲು ಕೆಜಿ ಬೇಳೆಯನ್ನೂ ಕೇಳಿದಳು.